1834ರ ಗೆರೆ: ಅಮರ ಸುಳ್ಯದ ಚರಿತ್ರೆಯನ್ನು ಬರೆದ ಬಗೆ

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ 1837 ಎಂದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದು ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡ ದಂಡು ಏಪ್ರಿಲ್ 5ರಂದು ಮಂಗಳೂರು ಹೊಕ್ಕು ಬಾವುಟಗುಡ್ಡೆಯ ಮೇಲೆ ತನ್ನ ಬಾವುಟ ಹಾರಿಸಿತು. ಸುಮಾರು 13 ದಿನ ಊರು ಅದರ ಕೈಯಲ್ಲಿತ್ತು. 1834 ಎಂದರೆ ಮಾತ್ರ ಅದೇ ಸೀಮೆಯವರೂ ಒಂದು ಗಳಿಗೆ ತಡೆದು ಯೋಚಿಸಬೇಕಾಗುತ್ತದೆ. ಅದು ಕಂಪನಿ ಸರಕಾರ ಕೊಡಗನ್ನು ಗೆದ್ದ ವರ್ಷ. ಘಟ್ಟದ ಕೆಳಗಿದ್ದರೂ ಮಡಿಕೇರಿಯ ಅರಸರಿಗೆ ಕಂದಾಯ ಕೊಡುತ್ತಿದ್ದ ಅಮರ ಸುಳ್ಯ, ಪಂಜ, ಬೆಳ್ಳಾರೆಯ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಲು ದಾರಿಯಾದ ವರ್ಷ. 1837ರ ದಂಗೆಯ ಬಗ್ಗೆ ಸುಮಾರು ಒಂದೂಮುಕ್ಕಾಲು ಶತಮಾನದಿಂದ ಬಂದ ಬರವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಂದು ಆಡಳಿತಕ್ಕಾಗಿ ಎಳೆದ ಗೆರೆ ನೆಲವನ್ನಷ್ಟೇ ಅಲ್ಲ, ದಾಖಲೆಗಳನ್ನೂ ಎರಡಾಗಿ ಸೀಳಿತು. ಇತಿಹಾಸಕಾರರು ಬಹುಕಾಲ ಆ ಗೆರೆಯ ಒಂದೊಂದು ಬದಿಯಲ್ಲಿ ಕುಳಿತೇ ಬರೆದರು.

ಮೊದಲು ನಡೆದದ್ದನ್ನು ನೋಡೋಣ. 1834ರಲ್ಲಿ ಕಂಪನಿಯ ಸೇನೆ ಕರ್ನಲ್ ಲಿಂಡ್ಸೆಯ ನೇತೃತ್ವದಲ್ಲಿ ಹಲವು ದಿಕ್ಕುಗಳಿಂದ ಕೊಡಗಿನ ಮೇಲೆ ಹೋಯಿತು. ಅದರಲ್ಲಿ ಒಂದು ತುಕಡಿ ಕರ್ನಲ್ ಜ್ಯಾಕ್ಸನ್ ಕೈಕೆಳಗೆ ಕುಂಬಳೆಯಿಂದ ಹೊರಟು ಬೆಳ್ಳಾರೆಯ ದಾರಿಯಲ್ಲಿ ಘಟ್ಟ ಹತ್ತಬೇಕಿತ್ತು. ಅದು ಗಡಿಯ ಕಾಡಿನಲ್ಲೇ ಪೆಟ್ಟು ತಿಂದು ಹಿಂದಿರುಗಿತು. ಮೇಲೆ ಸೋಮವಾರಪೇಟೆಯ ಕಡೆಯಿಂದ ಹೋದ ಉತ್ತರದ ತುಕಡಿಗೂ ಸೋಲಾಯಿತು. ಆದರೂ ಅರಸ ಚಿಕವೀರರಾಜೇಂದ್ರ ಏಪ್ರಿಲ್ 10ರಂದು ಶರಣಾದ. ಮೇ 7ರಂದು ಕಂಪನಿಯ ಅಧಿಕಾರಿ ಫ್ರೇಸರ್ ಕೊಡಗು ಕಂಪನಿಯದಾಯಿತೆಂದು ಘೋಷಿಸಿದ. ಹೀಗೆ ನೋಡಿದರೆ ಘಟ್ಟದ ಕೆಳಗಿನ ಮಾಗಣೆಗಳು ಯುದ್ಧದಲ್ಲಿ ಸೋತ ನೆಲವಲ್ಲ. ತಮ್ಮ ಗಡಿಯಲ್ಲಿ ಶತ್ರುವನ್ನು ಹಿಮ್ಮೆಟ್ಟಿಸಿದ್ದನ್ನು ಕಂಡಿದ್ದ ಜನ, ಮಡಿಕೇರಿಯಲ್ಲಿ ನಡೆದ ಶರಣಾಗತಿಯಿಂದಾಗಿ ಪರರ ಕೈಗೆ ಹೋದರು. ಅವರ ಸೀಮೆ ಮದರಾಸು ಆಧಿಪತ್ಯಕ್ಕೆ ಸೇರಿತು. ಕೊಡಗು ಪ್ರತ್ಯೇಕ ಆಡಳಿತವಾಗಿ ಉಳಿಯಿತು. ಅರಸರಿಗೆ ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕಟ್ಟಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪನಿಯ ಹಿಡಿತವೂ ಬಂತು.

ಈ ಸಂಗತಿಗಳ ಮೊದಲ ದಾಖಲೆಗಾರರು ಗೆದ್ದವರೇ. ಕಲೆಕ್ಟರ್ ಲೆವಿನ್, ಕೊಡಗಿನ ಸೂಪರಿಂಟೆಂಡೆಂಟ್ ಲೆ ಹಾರ್ಡಿ ಮುಂತಾದವರ ಪತ್ರವ್ಯವಹಾರದಲ್ಲಿ ದಂಗೆ ಎಂದರೆ ವೇಷಧಾರಿ ಜಂಗಮರ ಹಿಂದೆ ಓಡಿದ ಮಂದಿಯ ಗಲಭೆ. ಅರಸು ಮನೆತನದವನೆಂದು ಹೇಳಿಕೊಂಡ ಸ್ವಾಮಿ ಅಪರಂಪಾರ ಸೆರೆಯಾದ. ಬಳಿಕ ಬಂದ ಕಲ್ಯಾಣಸ್ವಾಮಿಯೂ ಸೆರೆಯಾದ. ಕೊನೆಗೆ ಅದೇ ಕಲ್ಯಾಣಸ್ವಾಮಿಯ ಹೆಸರು ಹೊತ್ತು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ದಂಡಿನ ಮುಂದೆ ನಿಂತ. ಅಧಿಕಾರಿಗಳ ಕಣ್ಣಿಗೆ ಕಂಡದ್ದು ಈ ವೇಷವೇ ಹೊರತು, ವೇಷ ಬದಲಾದರೂ ಬದಲಾಗದೆ ಹಿಂದೆ ನಿಂತ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡರಂಥ ಊರ ಮುಖ್ಯಸ್ಥರಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕ, 1870ರ ರಿಕ್ಟರನ ಕೊಡಗು ಕೈಪಿಡಿ, 1878ರ ರೈಸ್ ಗೆಜೆಟಿಯರ್ ಇವು ಕೊಡಗಿನ ಬದಿಯಿಂದ ಬರೆದವು. 1894ರ ಸ್ಟರಾಕ್‌ನ ದಕ್ಷಿಣ ಕನ್ನಡ ಕೈಪಿಡಿ ಕೆಳಗಿನ ಬದಿಯಿಂದ ಬರೆದದ್ದು. ಮೇಲಿನ ಪುಸ್ತಕಗಳ ಮುಖ್ಯ ಕಾಳಜಿ ಕೊಡವ ದಿವಾನರ ನಿಷ್ಠೆ. ಕೆಳಗಿನದರಲ್ಲಿ ದಂಗೆ ಜಿಲ್ಲಾಡಳಿತದ ಕತೆಗೆ ಅಡ್ಡ ಬಂದ ಒಂದು ಪ್ರಸಂಗ, ಅಷ್ಟೆ.

ನಿಷ್ಠೆಯ ಆ ಕತೆಗೆ ಲೋಹದ ಸಾಕ್ಷಿಯೂ ಇದೆ. ದಂಗೆ ಅಡಗಿಸಲು ದಿವಾನ ಅಪ್ಪಾರಂಡ ಬೋಪು ಮುಂತಾದವರ ಜತೆ ಬಂದ ಕೊಡವರಿಗೆ ಕಂಪನಿ ಪದಕಗಳನ್ನು ಹೊಯ್ಯಿಸಿ ಹಂಚಿತು. ಪದಕದ ಮೇಲೆ ಕೊಡವ ಉಡುಗೆಯ ಯೋಧ. ಸುತ್ತ ಕಂಪನಿಗೆ ತೋರಿದ ನಿಷ್ಠೆಯನ್ನೂ 1837ರ ಏಪ್ರಿಲ್ ತಿಂಗಳನ್ನೂ ನೆನೆಯುವ ಬರೆಹ. ಇಂಗ್ಲಿಷಿನ ಜತೆಗೆ ಕನ್ನಡ ಅಕ್ಷರಗಳೂ ಇವೆ. ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಲಾಯಿತು. ಪುಟ್ಟಬಸಪ್ಪನಿಗೂ ದಂಡಿಗೆ ಸೇರಿದ್ದ ನಂದಾವರದ ಲಕ್ಷ್ಮಪ್ಪ ಬಂಗರಸನಿಗೂ ಬಿಕರ್ನಕಟ್ಟೆಯಲ್ಲಿ ಅದೇ ಗತಿಯಾಯಿತು. ಪದಕ ಕೊಟ್ಟದ್ದೂ ನೇಣು ಹಾಕಿದ್ದೂ ಒಂದೇ ಸರಕಾರ. ಆದರೆ ಪದಕದ ಕತೆ ಕೊಡಗಿನ ಪುಸ್ತಕಗಳಲ್ಲಿ ಉಳಿಯಿತು. ನೇಣಿನ ಕತೆ ಬಹುಮಟ್ಟಿಗೆ ಸುಳ್ಯ ಸೀಮೆಯ ಮನೆಗಳ ನೆನಪಿನಲ್ಲಿ ಉಳಿಯಿತು.

ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳ ಕರಾವಳಿ ಇತಿಹಾಸಕಾರರಿಂದ ಈ ಕೊರತೆ ತುಂಬಲಿಲ್ಲ. ಗಣಪತಿ ರಾವ್ ಐಗಳ್ 1923ರಲ್ಲಿ ಜಿಲ್ಲೆಯ ಪ್ರಾಚೀನ ಇತಿಹಾಸ ಬರೆದರು, ಸಾಲೆತ್ತೂರರ ತುಳುವ ಇತಿಹಾಸ 1936ರದು, ಕೆ.ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸ 1970ರದು. ಆಳುಪರು, ವಿಜಯನಗರ, ತುಂಡರಸರು, ಶಾಸನಗಳು ಈ ವಿದ್ವತ್ತಿನ ಜೀವ. ಆ ಹೊತ್ತಿಗೆ ಅದು ಆಗಲೇಬೇಕಾದ ಕೆಲಸವೂ ಆಗಿತ್ತು. ಕಂಪನಿ ಕಾಲದ ರೈತರಿಗೆ ಅಲ್ಲಿ ಎಡೆ ಸಿಗಲಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು, ಕೊಡಗು ಬೇರೆಯೇ ರಾಜ್ಯವಾಗಿತ್ತು. ಕೆಳಗಿನ ಕಡತಗಳು ಮದರಾಸಿನಲ್ಲಿ, ಮೇಲಿನವು ಮಡಿಕೇರಿ ಮತ್ತು ಬೆಂಗಳೂರಿನಲ್ಲಿ, ಎರಡರ ನಕಲುಗಳು ಲಂಡನ್ನಿನಲ್ಲಿ. ಪುತ್ತೂರಿನ ವಿದ್ವಾಂಸ ಒಂದೇ ದಂಗೆಯ ಎರಡು ಅರ್ಧಗಳನ್ನು ಓದಬೇಕಾದರೆ ಎರಡು ಸರಕಾರಗಳ ಬಾಗಿಲು ತಟ್ಟಬೇಕಿತ್ತು.

ಗೆರೆಯನ್ನು ಮೊದಲು ದಾಟಿದ್ದು ಇತಿಹಾಸವಲ್ಲ, ಕಾದಂಬರಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂತು. ಅದರ ಕೇಂದ್ರ ಮಡಿಕೇರಿಯ ಅರಮನೆ, ಸುಳ್ಯ ಸೀಮೆ ಅದರ ಅಂಚಿನಲ್ಲಿದೆ. ಸುಬ್ರಹ್ಮಣ್ಯದ ಬಳಿಯ, ಇಂದು ಕಡಬ ತಾಲೂಕಿನಲ್ಲಿರುವ, ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ದಿಕ್ಕು ಬದಲಿಸಿದರು. ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಕಾದಂಬರಿಗಳಲ್ಲಿ ಅಧಿಕಾರಿಗಳು ವೇಷವೆಂದು ತಳ್ಳಿಹಾಕಿದ್ದರ ಹಿಂದಿನ ಜನರನ್ನು ಅವರು ಮುಂದಕ್ಕೆ ತಂದರು. ಕಾದಂಬರಿಯನ್ನು ದಾಖಲೆಯೆಂದು ಒಪ್ಪಬೇಕಾಗಿಲ್ಲ. ಆದರೆ ‘ಯಾಕೆ ಎದ್ದರು’ ಎಂಬ ಪ್ರಶ್ನೆಯನ್ನು ‘ಯಾರು ಮೋಸ ಮಾಡಿದರು’ ಎಂಬುದಕ್ಕಿಂತ ಮುಂದೆ ಇಟ್ಟದ್ದು ಅವರೇ. ಆಮೇಲಿನ ಸಂಶೋಧನೆ ಹಿಡಿದದ್ದು ಈ ಪ್ರಶ್ನೆಯನ್ನೇ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕಂಪನಿ ಕಾಲದ ಅಧ್ಯಯನಕ್ಕೆ ಇಲ್ಲೇ ನೆಲೆ ಸಿಕ್ಕಿತು. ಎನ್. ಶ್ಯಾಮ ಭಟ್ಟರು 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ಆಡಳಿತ ಮತ್ತು ಜನರ ಪ್ರತಿಕ್ರಿಯೆ ಕುರಿತು 1998ರಲ್ಲಿ ಪ್ರಕಟಿಸಿದ ಗ್ರಂಥ ಕಂದಾಯದ ಕಡತಗಳನ್ನು ಬಗೆದು ನೋಡಿತು. ಸಾಕಿ ಹೆಸರಿನಲ್ಲಿ ಬಂದ ಕರ್ನಾಟಕ ಜನರ ಇತಿಹಾಸ ಇದನ್ನು ಸಶಸ್ತ್ರ ರೈತ ಹೋರಾಟವೆಂದು ಓದಿತು. ಸಂಪಾಜೆಯ ಎನ್.ಎಸ್. ದೇವಿಪ್ರಸಾದರು ಊರ ನೆನಪುಗಳನ್ನು ಕೂಡಿಸಿ ಸ್ವಾತಂತ್ರ್ಯ ಸಮರದ ಚೌಕಟ್ಟಿನಲ್ಲಿ ಬರೆದರು. 2011ರಲ್ಲಿ ಅರೆಭಾಷೆ ಅಕಾಡೆಮಿ ಹುಟ್ಟಿತು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು.

ಹೀಗೆ ಮೂರು ಓದುಗಳು ನಮ್ಮ ಮುಂದಿವೆ: ಗಲಭೆ, ಸ್ವಾತಂತ್ರ್ಯ ಸಮರ, ರೈತ ದಂಗೆ. ಮೂರೂ ದೊಡ್ಡ ಕತೆಯೊಂದನ್ನು ಹೊರಗಿನಿಂದ ತಂದು ಈ ಮಾಗಣೆಗಳ ಮೇಲೆ ಹೊದಿಸಿದವು. ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಆಟೊಮನ್ನರು ಬೈಜಾಂಟಿಯಮ್ಮಿನ ಗಡಿ ಪಟ್ಟಣಗಳಾದ ಬುರ್ಸಾವನ್ನು 1326ರಲ್ಲಿ, ನೈಸಿಯವನ್ನು 1331ರಲ್ಲಿ ಗೆದ್ದರು. ಆ ಗಡಿಯ ಬಗ್ಗೆ ಒಂದು ಬದಿಯಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಪ್ಯಾಕಿಮೆರೀಸ್ ಬರೆದ. ಇನ್ನೊಂದು ಬದಿಯ ವಿಸ್ತಾರವಾದ ವೃತ್ತಾಂತಗಳು ಬಂದದ್ದು ಹದಿನೈದನೆಯ ಶತಮಾನದಲ್ಲಿ. 1930ರ ದಶಕದಲ್ಲಿ ಇತಿಹಾಸಕಾರ ಪಾಲ್ ವಿಟ್ಟೆಕ್ ಇಡೀ ವಿಸ್ತರಣೆಯನ್ನು ಧರ್ಮಯೋಧರ ಹುಮ್ಮಸ್ಸಿನಿಂದ ವಿವರಿಸಿದ. ಅದಕ್ಕೆ ಅವನು ಆಧಾರ ಮಾಡಿಕೊಂಡದ್ದರಲ್ಲಿ 1337ರ ಬುರ್ಸಾ ಶಾಸನ ಮುಖ್ಯ. ಆಮೇಲೆ ಲಿಂಡ್ನರ್ ಅದನ್ನು ಪ್ರಶ್ನಿಸಿದ; 1995ರಲ್ಲಿ ಜೆಮಾಲ್ ಕಾಫಾದಾರ್, ಗಡಿಯಲ್ಲಿ ಎರಡೂ ಧರ್ಮದವರು ಬೆರೆತು, ಪಕ್ಷ ಬದಲಿಸುತ್ತ, ತಮ್ಮದೇ ಲೆಕ್ಕದಲ್ಲಿ ಬದುಕಿದ್ದರೆಂದು ತೋರಿಸಿದ. ರಾಜಧಾನಿಯಿಂದ ನೋಡಿದರೆ ಗಡಿಯವರು ಯಾರದೋ ದೊಡ್ಡ ಕತೆಯ ಪಾತ್ರಗಳು. ಗಡಿಯಲ್ಲಿ ನಿಂತು ನೋಡಿದರೆ ಅವರಿಗೆ ಅವರದೇ ಕಾರಣಗಳಿವೆ. ಅಮರ ಸುಳ್ಯದ ಅಧ್ಯಯನ ಇನ್ನೂ ಹೆಚ್ಚಾಗಿ ರಾಜಧಾನಿಯ ಕಡೆಯಿಂದಲೇ ನೋಡುತ್ತಿದೆ.

ಗಡಿಯಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ? 1830-31ರಲ್ಲಿ, ಅಂದರೆ ಮಾಗಣೆಗಳು ಇನ್ನೂ ಕೊಡಗಿನಲ್ಲಿದ್ದಾಗ, ಕನ್ನಡ ಜಿಲ್ಲೆಯ ರೈತರು ಕೂಟ ಸೇರಿದರು. ಬೆಲೆ ಇಳಿದು ನಗದು ಕಂದಾಯ ಭಾರವಾದಾಗ ಅವರು ಅರ್ಜಿ ಬರೆದರು, ಕಂದಾಯ ಕಟ್ಟುವುದಿಲ್ಲವೆಂದು ಕುಳಿತರು. ಅವರ ಕಷ್ಟವೂ ಸುಳ್ಯದವರ ಕಷ್ಟವೂ ಹೆಚ್ಚುಕಡಿಮೆ ಒಂದೇ. ಆದರೆ ಆರು ವರ್ಷದ ಬಳಿಕ ಸುಳ್ಯದವರು ಅರ್ಜಿಗೆ ಕೈ ಹಾಕದೆ ಕೋವಿ ಹಿಡಿದರು, ಖಜಾನೆಗೆ ನುಗ್ಗಿದರು, ಅರಸು ಮನೆತನದ ಹೆಸರಿನಲ್ಲಿ ನಿರೂಪ ಹೊರಡಿಸಿದರು. ನಗದು ಕಂದಾಯದ ಸಂಕಟವೊಂದೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಬಗೆಯ ಪ್ರತಿಭಟನೆ ನಡೆಯಬೇಕಿತ್ತು. ವ್ಯತ್ಯಾಸ ಇರುವುದು ಹಿನ್ನೆಲೆಯಲ್ಲಿ. ಮಂಗಳೂರು ಕಡೆಯ ರೈತ 1799ರಿಂದಲೂ ಕಂಪನಿಯ ರೈತ. ಕಲೆಕ್ಟರನ ಕಚೇರಿಯೇ ಅವನಿಗೆ ಸರಕಾರ. ಸುಳ್ಯದ ರೈತನಿಗೆ ಮೂರೇ ವರ್ಷದ ಹಿಂದಿನವರೆಗೆ ಅರಸನಿದ್ದ, ಅರಸನ ಕಡೆಯ ಸುಬೇದಾರರಿದ್ದರು, ಯುದ್ಧಕ್ಕೆ ಕರೆದರೆ ಹೋಗುವ ರೂಢಿಯಿತ್ತು. ದಂಡಿನ ಗುರಿಗಳೂ ಇದನ್ನೇ ಹೇಳುತ್ತವೆ. ಮೊದಲಿಗೆ ಬಲಿಯಾದವರಲ್ಲಿ ಒಬ್ಬ ಕಂಪನಿ ಪರ ನಿಂತ ಅಟ್ಲೂರು ರಾಮಪ್ಪಯ್ಯ; ಮೊದಲ ದೊಡ್ಡ ಗುರಿ ಬೆಳ್ಳಾರೆಯ ಖಜಾನೆ. ಸಿಪಾಯಿಗಳೊಂದಿಗೆ ಪುತ್ತೂರುವರೆಗೆ ಬಂದ ಕಲೆಕ್ಟರ್ ಹಿಂದೆ ಸರಿದ ಮೇಲಷ್ಟೇ ದಂಡು ಬಂಟ್ವಾಳ, ಪಾಣೆಮಂಗಳೂರಿನ ದಾರಿ ಹಿಡಿಯಿತು. ಮೂರು ವರ್ಷ ಕಂದಾಯ ಮಾಫಿ, ಉಪ್ಪು-ಹೊಗೆಸೊಪ್ಪಿನ ಸುಂಕ ರದ್ದು ಎಂಬ ನಿರೂಪದ ಭರವಸೆಗಳು 1834ರ ಬದಲಾವಣೆಗಳಿಗೆ ಸರಿಯಾಗಿ ಎದುರು ನಿಂತವು.

ಇದಕ್ಕೆ ಆಕ್ಷೇಪಗಳಿವೆ. ಗಡಿಯ ಕತೆ ಎಂದರೆ ಹೋರಾಟವನ್ನು ಊರಮಟ್ಟಕ್ಕೆ ಇಳಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ. ಹಾಗೇನಿಲ್ಲ. ಪರಕೀಯ ಆಳ್ವಿಕೆಯನ್ನು ಆಯುಧ ಹಿಡಿದು ಎದುರಿಸಿ ಜಿಲ್ಲಾ ಕೇಂದ್ರವನ್ನೇ ಗೆದ್ದದ್ದು 1857ಕ್ಕಿಂತ 20 ವರ್ಷ ಮುಂಚೆ. ಆ ಹಿರಿಮೆಗೆ ಯಾವ ಕುಂದೂ ಇಲ್ಲ. ಆದರೆ ಅವರು ಬಯಸಿದ್ದು ಅರಸೊತ್ತಿಗೆ ಮರಳಲೆಂದು. ಅದನ್ನು ಮರೆಮಾಚಿ ಮುಂದಿನ ಶತಮಾನದ ರಾಷ್ಟ್ರೀಯತೆಯನ್ನು ಅವರ ಬಾಯಲ್ಲಿ ಇಟ್ಟರೆ ಅವರನ್ನು ಗೌರವಿಸಿದಂತಾಗುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಪುಟ್ಟಬಸಪ್ಪ ಘಟ್ಟದ ಮೇಲಿನವನು, ಬಂಗರಸ ನಂದಾವರದವನು, ಇವರು ಮಾಗಣೆಯವರೇ ಅಲ್ಲ. ನಿಜ. ಆದರೆ ಗಡಿಯೆಂದರೆ ನಕ್ಷೆಯ ಗೀಟಲ್ಲ. ಘಟ್ಟದ ಮೇಲೂ ಕೆಳಗೂ ಅಕ್ಕಿ, ಉಪ್ಪು, ಹೊಗೆಸೊಪ್ಪು, ನೆಂಟಸ್ತಿಕೆ ಹರಿದಾಡುತ್ತಿದ್ದ ಪಟ್ಟಿ ಅದು. ಮೇಲಿನವರು ಕೆಳಗೆ ಬಂದು ಆಸರೆ ಪಡೆದದ್ದು ಆ ಪಟ್ಟಿ ಇನ್ನೂ ಜೀವಂತವಾಗಿದ್ದುದರಿಂದ. ಬಂಗರಸ ಸೇರಿದ್ದು ದಂಡು ಅವನ ಸೀಮೆಗೆ ತಲಪುವ ಹೊತ್ತಿಗೆ. ಅಧಿಕಾರ ಕಳೆದುಕೊಂಡ ಹಳೆಯ ಮನೆತನಕ್ಕೆ ಅದು ಒದಗಿ ಬಂದ ಅವಕಾಶ. ಗಡಿಯಲ್ಲಿ ಹೊತ್ತಿದ ಬೆಂಕಿ ಒಳನಾಡಿನ ಅಸಮಾಧಾನವನ್ನೂ ಸೇರಿಸಿಕೊಂಡಿತು ಎನ್ನುವುದಕ್ಕೆ ಇದು ಸಾಕ್ಷಿ. ಮೂರನೆಯದು, ಮನೆಮನೆಯ ನೆನಪನ್ನು ನಂಬಬಹುದೇ ಎಂಬುದು. ತಾರೀಕಿಗೆ, ಸಂಖ್ಯೆಗೆ ನಂಬಲಾಗದು. ಯಾರ ಮನೆಯವರು ಯಾರ ಜತೆ ಹೋದರು, ಯಾವ ದಾರಿ ಹಿಡಿದರು ಎಂಬುದಕ್ಕೆ ಅದು ಕಡತಕ್ಕಿಂತ ಕಡಿಮೆಯೇನಲ್ಲ. ಕಂಪನಿಯ ಕಡತವೂ ಹೆದರಿದ ಅಧಿಕಾರಿಗಳ ನೆನಪೇ ತಾನೆ. ಅದನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಇನ್ನು ಆಗಬೇಕಾದ ಕೆಲಸ ಸ್ಪಷ್ಟವಿದೆ. ಚೆನ್ನೈ, ಬೆಂಗಳೂರು, ಮಡಿಕೇರಿಯ ದಾಖಲೆಗಳನ್ನು ದಿನಾಂಕದ ಪ್ರಕಾರ ಒಂದೇ ಸಾಲಿನಲ್ಲಿ ಜೋಡಿಸಿ ಓದಬೇಕು. 1834ರಿಂದ 1837ರವರೆಗಿನ ಕಂದಾಯ ಲೆಕ್ಕವನ್ನು ಮಾಗಣೆವಾರು ಬಿಡಿಸಬೇಕು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಇಂದಿಗೂ ಹೇಳುವ ಕತೆಗಳನ್ನು ಊರು, ಮನೆ, ಹೇಳಿದವರ ವಿವರದೊಂದಿಗೆ ಧ್ವನಿಮುದ್ರಿಸಬೇಕು. ಇದಕ್ಕೆ ದೊಡ್ಡ ಸಂಸ್ಥೆಗಾಗಿ ಕಾಯಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದೊಂದು ಮಾಗಣೆಯನ್ನು ಹಂಚಿಕೊಂಡರೆ ಸಾಕು. ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕಂದಾಯ ಚೀಟಿ, ಪಟ್ಟೆ, ಓಲೆಗರಿ ಇರುವವರು ಅದನ್ನು ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ, ಆದರೆ ಗೆದ್ದಲು ಹಿಡಿಯುವ ಮುನ್ನ ಅದರ ಫೋಟೋ ತೆಗೆಸಿ ಹತ್ತಿರದ ಕಾಲೇಜಿಗೆ ಒಂದು ಪ್ರತಿ ಕೊಡಲಿ.