ಫ್ರೀಸ್ಯಾಟ್ ಪ್ಲಸ್

ಫ್ರೀಸ್ಯಾಟ್ ಪ್ಲಸ್ ಎಂಬುದು ಬ್ರಿಟನ್ನಿನ ಉಚಿತ ಉಪಗ್ರಹ ದೂರದರ್ಶನ ಸೇವೆಯಾದ ಫ್ರೀಸ್ಯಾಟ್‌ನ ಕಾರ್ಯಕ್ರಮಗಳನ್ನು ವೀಕ್ಷಿಸುವುದರ ಜೊತೆಗೆ ಅವುಗಳನ್ನು ರೆಕಾರ್ಡ್ ಮಾಡಿಕೊಳ್ಳಲೂ ನೆರವಾಗುವ ಸೆಟ್ ಟಾಪ್ ಬಾಕ್ಸ್‌ಗಳಿಗೆ ನೀಡಲಾದ ಹೆಸರು. ಈ ಪೆಟ್ಟಿಗೆಯನ್ನು ಒಮ್ಮೆ ಹಣ ಕೊಟ್ಟು ಕೊಂಡರೆ ಸಾಕು, ಪ್ರತಿ ತಿಂಗಳು ಚಂದಾ ಕಟ್ಟಬೇಕಾಗಿಲ್ಲ. ಸ್ಕೈ ಸಂಸ್ಥೆಯ ಚಂದಾ ಸೇವೆಯನ್ನು ತೊರೆಯುವವರು ಸಾಮಾನ್ಯವಾಗಿ ಮನೆಯ ಹಳೆಯ ಡಿಶ್ ಆಂಟೆನಾವನ್ನೇ ಇದಕ್ಕೆ ಬಳಸಿಕೊಳ್ಳಬಹುದು. ಏಕೆಂದರೆ ಎರಡೂ ಸೇವೆಗಳ ಸಂಕೇತಗಳು ಆಕಾಶದ ಒಂದೇ ಸ್ಥಾನದಿಂದ ಬರುತ್ತವೆ.

ಹಿನ್ನೆಲೆ

ಸ್ಕೈ ತನ್ನ ಉಪಗ್ರಹ ಪ್ರಸಾರವನ್ನು 1989ರ ಫೆಬ್ರವರಿಯಲ್ಲಿಯೂ, ಡಿಜಿಟಲ್ ಸೇವೆಯನ್ನು 1998ರ ಅಕ್ಟೋಬರ್‌ನಲ್ಲಿಯೂ ಆರಂಭಿಸಿತು. ಹಾರ್ಡ್ ಡಿಸ್ಕ್ ಅಳವಡಿಸಿದ ಸ್ಕೈ ಪ್ಲಸ್ ಪೆಟ್ಟಿಗೆ 2001ರಲ್ಲಿ ಬಂದಿತು. ಮೊದಲಿಗೆ ಬಿಬಿಸಿ, ಐಟಿವಿ ಮುಂತಾದ ಉಚಿತ ವಾಹಿನಿಗಳು ಕೂಡ ಉಪಗ್ರಹದಲ್ಲಿ ಗೂಢಲಿಪಿಯಲ್ಲಿಯೇ ಪ್ರಸಾರವಾಗುತ್ತಿದ್ದವು. ಅವುಗಳನ್ನು ನೋಡಲು ಸ್ಕೈ ಪೆಟ್ಟಿಗೆ ಹಾಗೂ ವೀಕ್ಷಣಾ ಕಾರ್ಡ್ ಅಗತ್ಯವಾಗಿದ್ದವು. 2003ರಲ್ಲಿ ಬಿಬಿಸಿ ಈ ಬೀಗವನ್ನು ತೆಗೆದುಹಾಕಿತು. ಅದೇ ವರ್ಷ ಐಟಿವಿಯೂ ಅದೇ ಹಾದಿ ಹಿಡಿಯಿತು. ಬ್ರಿಟಿಷ್ ದ್ವೀಪಗಳತ್ತ ಕಿರಿದಾದ ಕಿರಣವನ್ನು ಬೀರುವ ಆಸ್ಟ್ರಾ 2ಡಿ ಉಪಗ್ರಹದಿಂದಾಗಿ ಸಂಕೇತವು ನೆರೆಯ ದೇಶಗಳಿಗೆ ಹೆಚ್ಚು ಹರಡುತ್ತಿರಲಿಲ್ಲ. ಆದ್ದರಿಂದ ಪ್ರಸಾರದ ಹಕ್ಕುಗಳಿಗೆ ಸಂಬಂಧಿಸಿದ ತೊಡಕು ಕಡಿಮೆಯಾಯಿತು.

ಇದರ ಮುಂದುವರಿಕೆಯಾಗಿ ಬಿಬಿಸಿ ಮತ್ತು ಐಟಿವಿ ಜಂಟಿಯಾಗಿ 2008ರ ಮೇ 6ರಂದು ಫ್ರೀಸ್ಯಾಟ್ ಸೇವೆಗೆ ಚಾಲನೆ ನೀಡಿದವು. ಆಗ ದೇಶದ ಅನಲಾಗ್ ಭೂಪ್ರಸಾರವನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿತ್ತು. 2012ರ ಅಕ್ಟೋಬರ್‌ನಲ್ಲಿ ಅದು ಪೂರ್ಣವಾಗಿ ಕೊನೆಗೊಂಡಿತು. ಗುಡ್ಡಗಾಡು ಪ್ರದೇಶಗಳೇ ಮೊದಲಾಗಿ ಭೂಪ್ರಸಾರದ ಡಿಜಿಟಲ್ ಸಂಕೇತ ಸರಿಯಾಗಿ ತಲುಪದ ಕಡೆಗಳಲ್ಲಿ ಉಪಗ್ರಹವೇ ಆಸರೆಯಾಯಿತು. 2008ರ ಕೊನೆಯಲ್ಲಿ ಹ್ಯೂಮ್ಯಾಕ್ಸ್ ಸಂಸ್ಥೆಯ ಫಾಕ್ಸ್‌ಸ್ಯಾಟ್ ಎಚ್‌ಡಿಆರ್ ಎಂಬ ಮೊದಲ ಫ್ರೀಸ್ಯಾಟ್ ಪ್ಲಸ್ ಪೆಟ್ಟಿಗೆ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಎರಡು ಟ್ಯೂನರ್‌ಗಳೂ 320 ಗಿಗಾಬೈಟ್‌ನ ಹಾರ್ಡ್ ಡಿಸ್ಕ್ ಕೂಡ ಇದ್ದವು.

ಕಾರ್ಯವಿಧಾನ

ಎರಡೂ ಸೇವೆಗಳ ಉಪಗ್ರಹಗಳು 28.2 ಡಿಗ್ರಿ ಪೂರ್ವದ ಕಕ್ಷಾಸ್ಥಾನದಲ್ಲಿವೆ. ಡಿಶ್‌ನ ಮುಂದಿರುವ ಎಲ್‌ಎನ್‌ಬಿ ಎಂಬ ಭಾಗವು ಸಂಕೇತವನ್ನು ಹಿಡಿದು ಕೇಬಲ್ ಮೂಲಕ ಪೆಟ್ಟಿಗೆಗೆ ಕಳುಹಿಸುತ್ತದೆ. ಉಪಗ್ರಹದ ಸಂಕೇತಗಳು ಅಡ್ಡ ಮತ್ತು ಲಂಬ ಧ್ರುವೀಕರಣಗಳಲ್ಲಿಯೂ, ಕೆಳ ಮತ್ತು ಮೇಲಿನ ತರಂಗಪಟ್ಟಿಗಳಲ್ಲಿಯೂ ಹಂಚಿಹೋಗಿರುವುದರಿಂದ ಒಟ್ಟು ನಾಲ್ಕು ಗುಂಪುಗಳಾಗುತ್ತವೆ. ಸಾಮಾನ್ಯ ಎಲ್‌ಎನ್‌ಬಿಯ ಒಂದು ಕೇಬಲ್ ಒಂದು ಸಲಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಹೊರಬಲ್ಲದು. ಪೆಟ್ಟಿಗೆಯು 13 ಅಥವಾ 18 ವೋಲ್ಟ್ ವಿದ್ಯುತ್ತನ್ನೂ, ಬೇಕಾದಾಗ 22 ಕಿಲೋಹರ್ಟ್ಸ್‌ನ ಸಂಜ್ಞೆಯನ್ನೂ ಕಳುಹಿಸಿ ತನಗೆ ಬೇಕಾದ ಗುಂಪನ್ನು ಆರಿಸಿಕೊಳ್ಳುತ್ತದೆ.

ಒಂದು ವಾಹಿನಿಯನ್ನು ರೆಕಾರ್ಡ್ ಮಾಡುತ್ತಲೇ ಬೇರೆ ಯಾವುದೇ ವಾಹಿನಿಯನ್ನು ನೋಡಬೇಕಾದರೆ ಡಿಶ್‌ನಿಂದ ಎರಡು ಕೇಬಲ್‌ಗಳು ಬರಬೇಕಾಗಿರುವುದು ಈ ಕಾರಣದಿಂದಲೇ. ಸ್ಕೈ ಪ್ಲಸ್ ಬಳಸುತ್ತಿದ್ದ ಮನೆಗಳಲ್ಲಿ ಇವು ಮೊದಲೇ ಇರುತ್ತವೆ. ಪೆಟ್ಟಿಗೆಯನ್ನು ಮೊದಲ ಬಾರಿಗೆ ಚಾಲೂ ಮಾಡಿದಾಗ ಮನೆಯ ಪೋಸ್ಟ್‌ಕೋಡ್ ನಮೂದಿಸಬೇಕು. ಅದರ ಆಧಾರದ ಮೇಲೆ ಆಯಾ ಪ್ರದೇಶದ ಬಿಬಿಸಿ ಮತ್ತು ಐಟಿವಿ ವಾಹಿನಿಗಳು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

2016ರಲ್ಲಿ ಬಂದ ಸ್ಕೈ ಕ್ಯೂ ಸೇವೆಯು ಬೇರೆ ಬಗೆಯ ಎಲ್‌ಎನ್‌ಬಿಯನ್ನು ಬಳಸುತ್ತದೆ. ಅದರಲ್ಲಿ ಒಂದು ಕೇಬಲ್ ಅಡ್ಡ ಧ್ರುವೀಕರಣದ ಸಂಕೇತಗಳೆಲ್ಲವನ್ನೂ, ಇನ್ನೊಂದು ಲಂಬ ಧ್ರುವೀಕರಣದವುಗಳನ್ನೂ ಹೊರುತ್ತದೆ. ಹಳೆಯ ಮಾದರಿಯ ಫ್ರೀಸ್ಯಾಟ್ ಪೆಟ್ಟಿಗೆಗಳು ಇದರೊಂದಿಗೆ ಹೊಂದಿಕೊಳ್ಳುವುದಿಲ್ಲ. ಅಂಥ ಮನೆಗಳಲ್ಲಿ ಡಿಶ್ ಅನ್ನು ಹಾಗೆಯೇ ಉಳಿಸಿಕೊಂಡು ಎಲ್‌ಎನ್‌ಬಿಯನ್ನು ಮಾತ್ರ ಬದಲಾಯಿಸಬೇಕಾಗುತ್ತದೆ.

ಚಂದಾ ಸೇವೆಯಿಂದ ಬದಲಾವಣೆ

ಚಂದಾ ನಿಲ್ಲಿಸಿದ ಮೇಲೂ ಸ್ಕೈ ಪೆಟ್ಟಿಗೆಯಲ್ಲಿ ಉಚಿತ ವಾಹಿನಿಗಳು ಕಾಣಿಸುತ್ತವೆ. ಆದರೆ ಸ್ಕೈ ಪ್ಲಸ್‌ನ ರೆಕಾರ್ಡಿಂಗ್ ಸೌಲಭ್ಯವು ಚಂದಾಕ್ಕೆ ತಳಕು ಹಾಕಿಕೊಂಡಿದ್ದರಿಂದ ಅದು ನಿಂತುಹೋಗುತ್ತಿತ್ತು. ಹಾರ್ಡ್ ಡಿಸ್ಕ್ ವೀಕ್ಷಕನ ಮನೆಯಲ್ಲಿಯೇ ಇದ್ದರೂ ಅದರ ಬೀಗದ ಕೈ ಸಂಸ್ಥೆಯ ಬಳಿ ಇತ್ತು ಎನ್ನಬಹುದು. ಫ್ರೀಸ್ಯಾಟ್ ಪ್ಲಸ್‌ನಲ್ಲಿ ರೆಕಾರ್ಡಿಂಗ್, ನೇರಪ್ರಸಾರವನ್ನು ತಡೆದು ನಿಲ್ಲಿಸುವುದು, ಧಾರಾವಾಹಿಯ ಎಲ್ಲ ಕಂತುಗಳನ್ನು ತಾನಾಗಿಯೇ ಉಳಿಸಿಕೊಳ್ಳುವುದು ಇವೆಲ್ಲವೂ ಪೆಟ್ಟಿಗೆಯ ಬೆಲೆಯಲ್ಲಿಯೇ ಸೇರಿವೆ.

ಸ್ಕೈ ಪೆಟ್ಟಿಗೆಯಲ್ಲಿ ಹಿಂದೆ ಉಳಿಸಿಕೊಂಡ ಕಾರ್ಯಕ್ರಮಗಳು ಗೂಢಲಿಪಿಯಲ್ಲಿರುವುದರಿಂದ ಅದರ ಹಾರ್ಡ್ ಡಿಸ್ಕ್ ಅನ್ನು ಹೊಸ ಪೆಟ್ಟಿಗೆಗೆ ಜೋಡಿಸಿ ನೋಡಲಾಗುವುದಿಲ್ಲ. ಬೇಕಾದ ಕಾರ್ಯಕ್ರಮಗಳನ್ನು ಚಂದಾ ಮುಗಿಯುವ ಮೊದಲೇ ನೋಡಿ ಮುಗಿಸುವುದು ಒಳಿತು. ಒಪ್ಪಂದದ ಕನಿಷ್ಠ ಅವಧಿ ಹಾಗೂ ಮುಂಗಡ ಸೂಚನೆಯ ನಿಯಮಗಳನ್ನೂ ಗಮನಿಸಬೇಕು.

ಮಿತಿಗಳು

ಸ್ಕೈ ಸ್ಪೋರ್ಟ್ಸ್, ಸ್ಕೈ ಸಿನಿಮಾ ಮೊದಲಾದ ಚಂದಾ ವಾಹಿನಿಗಳು ಫ್ರೀಸ್ಯಾಟ್‌ನಲ್ಲಿ ಸಿಗುವುದಿಲ್ಲ. ಕ್ರೀಡಾಭಿಮಾನಿಗಳಿಗೆ ಇದು ದೊಡ್ಡ ಕೊರತೆ. 2005ರ ಆಷಸ್ ಸರಣಿಯು ಉಚಿತ ವಾಹಿನಿಯಾದ ಚಾನೆಲ್ 4ರಲ್ಲಿ ನೇರಪ್ರಸಾರವಾಗಿತ್ತು. 2006ರಿಂದ ಇಂಗ್ಲೆಂಡಿನ ತವರಿನ ಟೆಸ್ಟ್ ಪಂದ್ಯಗಳ ನೇರಪ್ರಸಾರ ಸ್ಕೈ ಪಾಲಾಯಿತು. 2019ರ ವಿಶ್ವಕಪ್ ಅಂತಿಮ ಪಂದ್ಯವನ್ನು ಸ್ಕೈ ಚಾನೆಲ್ 4ರೊಂದಿಗೆ ಹಂಚಿಕೊಂಡದ್ದು ಅಪರೂಪದ ಸಂದರ್ಭ.

ಇಲ್ಲಿ ‘ಉಚಿತ’ ಎಂದರೆ ಚಂದಾರಹಿತ ಎಂದಷ್ಟೇ ಅರ್ಥ. ಬ್ರಿಟನ್ನಿನಲ್ಲಿ ಯಾವುದೇ ವಾಹಿನಿಯ ನೇರಪ್ರಸಾರವನ್ನು ನೋಡಲು ಅಥವಾ ರೆಕಾರ್ಡ್ ಮಾಡಲು ಟಿವಿ ಪರವಾನಗಿ ಕಡ್ಡಾಯ. 2010ರಿಂದ 2017ರ ಆರಂಭದವರೆಗೆ ಇದರ ವಾರ್ಷಿಕ ಶುಲ್ಕ 145.50 ಪೌಂಡ್ ಆಗಿತ್ತು. ಸ್ಕೈ ಚಂದಾದಾರರೂ ಚಂದಾದ ಜೊತೆಗೆ ಇದನ್ನು ಪ್ರತ್ಯೇಕವಾಗಿ ತೆರಬೇಕು.

ಭಾರತದ ಸೇವೆಯೊಂದಿಗೆ ಹೋಲಿಕೆ

ಭಾರತದಲ್ಲಿ ಇಂತಹುದೇ ಚಂದಾರಹಿತ ಸೇವೆಯೆಂದರೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದ ಚಂದನ ವಾಹಿನಿಯೂ ಲಭ್ಯವಿದೆ. ಇದರ ಪ್ರಸಾರ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ನಡೆಯುತ್ತದೆ. ಟಾಟಾ ಪ್ಲೇಯಂತಹ ಚಂದಾ ಸೇವೆ 83 ಡಿಗ್ರಿ ಪೂರ್ವದಿಂದ ಬರುವುದರಿಂದ, ಅದನ್ನು ಬಿಟ್ಟು ಫ್ರೀ ಡಿಶ್‌ಗೆ ಬರುವವರು ಪೆಟ್ಟಿಗೆಯ ಜೊತೆಗೆ ಡಿಶ್‌ನ ದಿಕ್ಕನ್ನೂ ಬದಲಿಸಬೇಕು. ಬ್ರಿಟನ್ನಿನ ವೀಕ್ಷಕರಿಗೆ ಆ ಶ್ರಮವಿಲ್ಲ.

ಇತ್ತೀಚಿನ ಸ್ಥಿತಿ

2021ರಲ್ಲಿ ಫ್ರೀಸ್ಯಾಟ್ ಡಿಜಿಟಲ್ ಯುಕೆ ಸಂಸ್ಥೆಯ ಒಡೆತನಕ್ಕೆ ಸೇರಿತು. ಈ ಸಂಸ್ಥೆ 2023ರಲ್ಲಿ ಎವ್ರಿವನ್ ಟಿವಿ ಎಂಬ ಹೊಸ ಹೆಸರನ್ನು ಪಡೆಯಿತು. ಬಿಬಿಸಿ, ಐಟಿವಿ, ಚಾನೆಲ್ 4 ಮತ್ತು ಚಾನೆಲ್ 5 ಇದರ ಪಾಲುದಾರರು.