ಉಡುಗೊರೆಯ ಹೊದಿಕೆ ಯಾರ ಕೈಯದು?

ಡಿಸೆಂಬರ್ ತಿಂಗಳು ಸಮೀಪಿಸಿದರೆ ಅಂತರ್ಜಾಲದಲ್ಲಿ ಕೈಕಸುಬಿನ ವಸ್ತುಗಳನ್ನು ಮಾರುವ ಸಣ್ಣ ವ್ಯಾಪಾರಿಯ ಮುಂದೆ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ. ಕೊಂಡವರು ಬಯಸಿದಲ್ಲಿ ವಸ್ತುವನ್ನು ಉಡುಗೊರೆಯ ಕಾಗದದಲ್ಲಿ ಸುತ್ತಿ ಕಳುಹಿಸಬೇಕೆ? ಸುತ್ತಿದರೆ ಅದಕ್ಕೆ ಬೇರೆ ಬೆಲೆ ಹಿಡಿಯಬೇಕೆ? ಮೇಲ್ನೋಟಕ್ಕೆ ಇದು ಕಾಗದ, ರಿಬ್ಬನ್ನುಗಳ ಲೆಕ್ಕ. ಆದರೆ ಇದರ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಕೊಡುವವರ ಕೈಗೂ ಮಾರುವವರ ಕೈಗೂ ನಡುವಿನ ಗೆರೆ ಹೇಗೆ ಮಸುಕಾಗುತ್ತ ಬಂದಿತೆಂಬುದನ್ನು ಆ ಚರಿತ್ರೆ ಹೇಳುತ್ತದೆ.

ಅಲಂಕೃತ ಹೊದಿಕೆಯ ಕಾಗದ ಇಂದಿನ ರೂಪಕ್ಕೆ ಬಂದದ್ದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ, ಅದೂ ಆಕಸ್ಮಿಕವಾಗಿ. ನೆಬ್ರಾಸ್ಕಾದ ಜಾಯ್ಸ್ ಹಾಲ್ ಎಂಬ ಹದಿಹರೆಯದ ಯುವಕ 1910ರಲ್ಲಿ ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಚಿತ್ರದ ಅಂಚೆ ಕಾರ್ಡುಗಳನ್ನು ತುಂಬಿಕೊಂಡು ಆ ನಗರಕ್ಕೆ ಬಂದಿಳಿದ. ನೂರು ನೂರು ಕಾರ್ಡುಗಳ ಕಟ್ಟುಗಳನ್ನು ಸುತ್ತಮುತ್ತಲ ಊರುಗಳ ಅಂಗಡಿಯವರಿಗೆ ಅಂಚೆಯಲ್ಲಿ ಕಳುಹಿಸುವುದೇ ಅವನ ವ್ಯಾಪಾರ. ಕೆಲವರು ಹಣ ಕಳುಹಿಸಿದರು, ಕೆಲವರು ಕಾರ್ಡುಗಳನ್ನು ಹಿಂದಿರುಗಿಸಿದರು, ಕೆಲವರು ಎರಡನ್ನೂ ಮಾಡಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನು ದೂರದಿಂದ ಮಾರುವ ಸಣ್ಣ ವ್ಯಾಪಾರಿಯೇ.

1917ರ ಕ್ರಿಸ್‌ಮಸ್ ಹೊತ್ತಿಗೆ ಹಾಲ್ ಸೋದರರ ಅಂಗಡಿಯಲ್ಲಿ ಟಿಶ್ಯೂ ಕಾಗದ ಮುಗಿದುಹೋಯಿತು. ಆ ಕಾಲದಲ್ಲಿ ಉಡುಗೊರೆ ಸುತ್ತಲು ಬಳಸುತ್ತಿದ್ದುದು ಬಿಳಿ, ಕೆಂಪು, ಹಸಿರು ಬಣ್ಣದ ಆ ತೆಳುಕಾಗದವನ್ನೇ. ಅಣ್ಣ ರಾಲಿ ಹಾಲ್, ಲಕೋಟೆಗಳ ಒಳಮೈಗೆ ಅಂಟಿಸಲು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಕಾಗದವನ್ನು ತಂದು, ಹಾಳೆಗೆ 10 ಸೆಂಟ್ ಎಂದು ಬೆಲೆ ಕಟ್ಟಿ ಮಾರಾಟಕ್ಕಿಟ್ಟ. ಅದು ಬಹುಬೇಗ ಖಾಲಿಯಾಯಿತು. ಮರುವರ್ಷವೂ ಹಾಗೆಯೇ ಆಯಿತು. ಬಳಿಕ ಸೋದರರು ತಾವೇ ಅಂಥ ಕಾಗದವನ್ನು ಅಚ್ಚು ಹಾಕಿಸತೊಡಗಿದರು. ಅದೇ ಸಂಸ್ಥೆ ಮುಂದೆ ಹಾಲ್‌ಮಾರ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1930ರಲ್ಲಿ 3ಎಂ ಕಂಪನಿಯ ರಿಚರ್ಡ್ ಡ್ರೂ ರೂಪಿಸಿದ ಪಾರದರ್ಶಕ ಅಂಟುಪಟ್ಟಿ ಬಂದ ಮೇಲೆ ದಾರ, ಗುಂಡುಸೂಜಿ, ಅರಗುಗಳ ಗೋಜು ತಪ್ಪಿ, ಪಳಗದ ಕೈಗೂ ಅಂದವಾಗಿ ಸುತ್ತುವುದು ಸಾಧ್ಯವಾಯಿತು.

ಆದರೆ ಸುತ್ತಬೇಕೆಂಬ ಒತ್ತಾಯ ಎಲ್ಲಿಂದ ಬಂತು? ಅಮೆರಿಕದ ಕ್ರಿಸ್‌ಮಸ್ ಕುರಿತು ಬರೆದ ಇತಿಹಾಸಕಾರ ವಿಲಿಯಂ ವೇಟ್ಸ್ ಕೊಡುವ ಉತ್ತರ ನಮಗೆ ಒಪ್ಪಿತವೆನಿಸುತ್ತದೆ. ಮನೆಯಲ್ಲಿ ಹೆಣೆದ, ಕೆತ್ತಿದ, ಹೊಲಿದ ಕೊಡುಗೆಗಳ ಸ್ಥಾನಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಕಾರ್ಖಾನೆಯ ಸರಕು ಬಂದಿತು. ಅಂಗಡಿಯಲ್ಲಿ ಹಣ ಕೊಟ್ಟು ಕೊಂಡದ್ದನ್ನು ಪ್ರೀತಿಯ ಗುರುತಾಗಿ ಕೊಡುವುದು ಹೇಗೆ? ಕಾಗದವು ಆ ಸರಕಿನ ಮಾರುಕಟ್ಟೆಯ ಮುಖವನ್ನು ಮುಚ್ಚಿ, ಕೊಡುವವರ ಶ್ರಮದ ಒಂದು ಪದರವನ್ನು ಅದಕ್ಕೆ ಸೇರಿಸಿತು.

ಇದು ಎಷ್ಟು ಗಟ್ಟಿಯಾದ ಕಟ್ಟಳೆಯೆಂಬುದನ್ನು ಸಮಾಜಶಾಸ್ತ್ರಜ್ಞ ಥಿಯೊಡೋರ್ ಕ್ಯಾಪ್ಲೋ 1984ರ ಲೇಖನವೊಂದರಲ್ಲಿ ತೋರಿಸಿದರು. ಇಂಡಿಯಾನಾ ರಾಜ್ಯದ ಮನ್ಸೀ ಪಟ್ಟಣದಲ್ಲಿ 110 ಮಂದಿಯನ್ನು ಮಾತನಾಡಿಸಿ, 4,000ಕ್ಕೂ ಮಿಕ್ಕ ಉಡುಗೊರೆಗಳ ವಿವರ ಕಲೆಹಾಕಿ ಅವರು ಕಂಡುಕೊಂಡ ನಿಯಮಗಳಲ್ಲಿ ಒಂದು: ಕ್ರಿಸ್‌ಮಸ್ ಉಡುಗೊರೆಯನ್ನು ಸುತ್ತಿಯೇ ಕೊಡಬೇಕು. ಯಾರೂ ಬರೆದಿಡದ, ಮೀರಿದರೆ ಯಾರೂ ದಂಡ ಹಾಕದ ನಿಯಮವಿದು. ಆದರೂ ಎಲ್ಲರೂ ಪಾಲಿಸುತ್ತಿದ್ದರು. ಮಾನವಶಾಸ್ತ್ರಜ್ಞ ಜೇಮ್ಸ್ ಕ್ಯಾರಿಯರ್ ಇದಕ್ಕೊಂದು ವಿನಾಯಿತಿಯನ್ನು ಗುರುತಿಸಿದರು. ಮನೆಯಲ್ಲಿ ಮಾಡಿದ ಬ್ರೆಡ್ಡು, ಹಣ್ಣಿನ ಜಾಮುಗಳನ್ನು ಸುತ್ತದೆ ಬರಿಯ ರಿಬ್ಬನ್ನು ಕಟ್ಟಿ ಕೊಟ್ಟರೂ ಸಲ್ಲುತ್ತದೆ. ಅವು ಮೊದಲೇ ಕೈಯ ಗುರುತನ್ನು ಹೊತ್ತಿರುವುದರಿಂದ ಮುಚ್ಚಬೇಕಾದ ಮಾರುಕಟ್ಟೆಯ ಮುಖ ಅವಕ್ಕಿಲ್ಲ.

ಜಪಾನಿನ ದಾರಿ ಬೇರೆ. ಅಲ್ಲಿ ಬೇಸಿಗೆಯ ಒಚೂಗೆನ್, ವರ್ಷಾಂತ್ಯದ ಒಸೇಬೊ ಉಡುಗೊರೆಗಳನ್ನು ದೊಡ್ಡ ಮಳಿಗೆಗಳೇ ಸುತ್ತಿ ಕಳುಹಿಸುವ ವಾಡಿಕೆಯಿದೆ. ಮಿತ್ಸುಕೋಶಿ ಮಳಿಗೆಗಾಗಿ ಚಿತ್ರಕಾರ ಇನೊಕುಮಾ ಗೆನಿಚಿರೊ 1950ರಲ್ಲಿ ರೂಪಿಸಿದ ಹೊದಿಕೆಯ ಕಾಗದ ಇಂದಿಗೂ ಬಳಕೆಯಲ್ಲಿದೆ. ಆ ಕಾಗದವೇ ಉಡುಗೊರೆಯ ಘನತೆಯನ್ನು ಸಾರುತ್ತದೆ. ಅಂಗಡಿಯ ಹೆಸರು ಕಾಣುವುದು ಅಲ್ಲಿ ಕುಂದಲ್ಲ. ಅಂದರೆ ಮಾರುವವರ ಕೈ ಸುತ್ತಿದ್ದು ಎಲ್ಲ ಕಡೆಯೂ ಪ್ರೀತಿಗೆ ಕೊರತೆಯೆನಿಸಬೇಕಾಗಿಲ್ಲ.

ದೂರದಿಂದ ಮಾರುವವರ ಕಥೆಗೆ ಬರೋಣ. ಅಮೆರಿಕದಲ್ಲಿ 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆ ಆರಂಭವಾಗಿ ಹಳ್ಳಿಯ ಮನೆಬಾಗಿಲಿಗೂ ಸರಕು ತಲುಪತೊಡಗಿತು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1877ರಲ್ಲಿ, ವಿ.ಪಿ.ಪಿ. ಪದ್ಧತಿ ಬಂದಿತ್ತು. ಪುಸ್ತಕ, ಗಡಿಯಾರ, ಔಷಧಿಗಳು ಅಂಚೆಯವನ ಚೀಲದಲ್ಲಿ ಬಂದವು. ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿದ ಪಾರ್ಸೆಲ್ಲನ್ನು ಊರು ಬಿಟ್ಟು ಬಂದ ಮುಂಬಯಿ, ದೆಹಲಿಗಳ ಕನ್ನಡ ಮನೆಗಳ ಹಿರಿಯರು ಬಲ್ಲರು. ಆದರೆ ಆ ಹೊದಿಕೆ ಇದ್ದದ್ದು ರಕ್ಷಣೆಗೆ. ಅದರಲ್ಲಿಯೂ ವಿ.ಪಿ.ಪಿ.ಯಲ್ಲಿ ಹಣ ತೆರಬೇಕಾದವರು ಪಡೆಯುವವರೇ. ಪಡೆಯುವವರು ಹಣ ತೆತ್ತು ಬಿಡಿಸಿಕೊಳ್ಳುವುದು ಉಡುಗೊರೆ ಹೇಗಾದೀತು? 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ತಂದ ‘ಕ್ಯಾಶ್ ಆನ್ ಡೆಲಿವರಿ’ಯೂ ಇದೇ ಹಳೆಯ ಪದ್ಧತಿಯ ಹೊಸ ರೂಪ. ಕೊಳ್ಳುವವರು ಮೊದಲೇ ಹಣ ಸಂದಾಯ ಮಾಡಿ, ತಲುಪಿಸಬೇಕಾದ ವಿಳಾಸವನ್ನು ಬೇರೆಯದಾಗಿ ಕೊಡುವ ರೂಢಿ ನೆಲೆಗೊಂಡಾಗಲೇ ಕೊಡುವವರು, ಮಾರುವವರು, ಪಡೆಯುವವರು ಎಂಬ ಮೂವರ ಉಡುಗೊರೆ ಸಲೀಸಾಯಿತು. ಆಗ ಹೊದಿಕೆಯ ಹೊಣೆ ಮಾರುವವರ ಮೇಲೆ ಬಿದ್ದಿತು.

2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾದ ಎಟ್ಸಿ, ಕೈಯಿಂದ ಮಾಡಿದ ವಸ್ತುಗಳ ಮಾರುಕಟ್ಟೆಯೆಂದೇ ಹೆಸರಾಯಿತು. ಅಲ್ಲಿ ಮಾರುವವರು ಉಡುಗೊರೆಯ ಹೊದಿಕೆಯನ್ನು ಒದಗಿಸಿ ಅದಕ್ಕೆ ಬೆಲೆ ನಿಗದಿ ಮಾಡಬಹುದು; ಕೊಳ್ಳುವವರು ಎರಡು ಸಾಲಿನ ಸಂದೇಶ ಬರೆಯಬಹುದು. ಇಲ್ಲೊಂದು ವಿಚಿತ್ರವಿದೆ. ಕ್ಯಾರಿಯರ್ ಹೇಳಿದ ವಿನಾಯಿತಿಯಂತೆ ಹೊದಿಕೆಯೇ ಬೇಡವಾದ ಕೈಕೆಲಸವನ್ನು, ಅದನ್ನು ಮಾಡಿದ ಕೈಯೇ ಮತ್ತೊಮ್ಮೆ ಸುತ್ತಿ, ಇನ್ನೊಬ್ಬರ ಹೆಸರಿನಲ್ಲಿ ಕಳುಹಿಸುತ್ತದೆ. ಮಾಡಿದ ಶ್ರಮವೂ ಸುತ್ತಿದ ಶ್ರಮವೂ ಒಬ್ಬರದೇ. ಪ್ರೀತಿಯ ಸಹಿ ಮಾತ್ರ ಬೇರೊಬ್ಬರದು.

ಈ ಶ್ರಮ ಸಣ್ಣದೇನಲ್ಲ. ದೊಡ್ಡ ಮಳಿಗೆಗೆ ಸುತ್ತಲೆಂದೇ ಸಿಬ್ಬಂದಿಯಿರುತ್ತಾರೆ. ಸಣ್ಣ ವ್ಯಾಪಾರಿ ಹಗಲು ವಸ್ತು ಮಾಡಿ, ರಾತ್ರಿ ಸುತ್ತಬೇಕು. ಅಲಂಕಾರದ ಕಾಗದ ದಾರಿಯಲ್ಲಿ ಹರಿಯದಂತೆ ಹೊರಗೊಂದು ರಟ್ಟಿನ ಪೆಟ್ಟಿಗೆ, ನಡುವೆ ಮೆತ್ತೆ ಬೇಕು. ಪೆಟ್ಟಿಗೆಯ ಗಾತ್ರ ಹಿಗ್ಗಿದರೆ, ತೂಕ ಹೆಚ್ಚದಿದ್ದರೂ, ಗಾತ್ರದ ಲೆಕ್ಕ ಹಿಡಿಯುವ ಕೊರಿಯರ್‌ನವರ ದರ ಏರುತ್ತದೆ. ಬೆಲೆಯಿರುವ ಚೀಟಿ ಒಳಗೆ ಹೋಗದಂತೆ ಎಚ್ಚರ ವಹಿಸಬೇಕು. ಹೊದಿಕೆ ‘ಉಚಿತ’ವೆಂದು ಸಾರಿದರೆ ಇದಿಷ್ಟೂ ಅವರ ದುಡಿಮೆಯಿಂದಲೇ ಕಳೆಯುತ್ತದೆ.

ಹಾಗೆಂದು ಹೊದಿಕೆ ವ್ಯರ್ಥವೆನ್ನಲಾಗದು. ಸುತ್ತಿ ಕೊಟ್ಟ ವಸ್ತುವನ್ನು ಜನ ಹೆಚ್ಚು ಮೆಚ್ಚುತ್ತಾರೆಂದು ಡೇನಿಯಲ್ ಹೋವರ್ಡ್ 1992ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಮುಂದೆ ಜೆಸ್ಸಿಕಾ ರಿಕ್ಸಮ್ ಮತ್ತು ಸಂಗಡಿಗರು ಇನ್ನೊಂದು ಎಳೆಯನ್ನು ಬಿಡಿಸಿದರು. ತೀರ ಅಚ್ಚುಕಟ್ಟಾದ ಹೊದಿಕೆ ನಿರೀಕ್ಷೆಯನ್ನು ಹೆಚ್ಚಿಸುವುದರಿಂದ, ಗೆಳೆಯರ ನಡುವೆ ಒರಟಾಗಿ ಸುತ್ತಿದ ಉಡುಗೊರೆಯೇ ಹೆಚ್ಚು ಹಿಡಿಸಿತು. ಕೇವಲ ಪರಿಚಯದವರ ನಡುವೆ ಅಚ್ಚುಕಟ್ಟಿಗೇ ಬೆಲೆ ಬಂದಿತು. ಹತ್ತಿರದವರಿಗೆ ಕೊಡುವಾಗ ಕೈಯ ಗುರುತು ಸಾಕು, ದೂರದವರಿಗೆ ಶಿಷ್ಟಾಚಾರ ಬೇಕು.

ಇದರಿಂದ ಸಣ್ಣ ವ್ಯಾಪಾರಿಗೆ ಸಿಗುವ ಪಾಠ ಸರಳವಾದುದೆಂದು ನಾವು ಭಾವಿಸುತ್ತೇವೆ. ಹೊದಿಕೆಯನ್ನು ಒದಗಿಸಲಿ, ಅದಕ್ಕೆ ಬೇರೆಯಾಗಿ ಬೆಲೆ ಬರೆಯಲಿ. ಬರೆದ ಬೆಲೆಯಿಂದ ಕಾಣದ ದುಡಿಮೆ ಕಣ್ಣಿಗೆ ಬೀಳುತ್ತದೆ. ಒಮ್ಮೆ ಹರಿದು ಎಸೆಯುವ ಕಾಗದದ ಬದಲು, ಜಪಾನಿನ ಫುರೋಶಿಕಿಯಂತೆ ಮತ್ತೆ ಬಳಕೆಗೆ ಬರುವ ಚೌಕದ ಬಟ್ಟೆಯನ್ನೂ ಆಯ್ಕೆಯಾಗಿ ಇಡಲಿ. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಆ ಬಟ್ಟೆಯ ಪ್ರಚಾರಕ್ಕೆ ಕೈಹಾಕಿದ್ದು ಕಸವನ್ನು ತಗ್ಗಿಸಲೆಂದೇ. ಕೊಳ್ಳುವವರಿಗೂ ಒಂದು ಕರ್ತವ್ಯ ಉಳಿಯುತ್ತದೆ. ಸಂದೇಶದ ಆ ಎರಡು ಸಾಲುಗಳನ್ನು ಸಿದ್ಧ ಶುಭಾಶಯಗಳಿಂದ ಆರಿಸದೆ ತಾವೇ ಬರೆಯುವುದು. ಕಾಗದ, ಗಂಟು, ರಿಬ್ಬನ್ನು ಎಲ್ಲವೂ ಬೇರೆಯವರ ಕೈಯಿಂದ ಆದಾಗ ಕೊಡುವವರದೆಂದು ಉಳಿಯುವುದು ಆ ಸಾಲುಗಳು ಮಾತ್ರ.