ಕುಟುಂಬ ವೈದ್ಯರ ನಿರಂತರ ಕಲಿಕೆ: ಗಡಿನಾಡಿನ ಪೋಷಕರು ಅರಿತಿರಬೇಕಾದ ಸಂಗತಿಗಳು

ಶಿಕ್ಷಕರಿಗೆ ಸೇವೆಯ ನಡುವೆ ತರಬೇತಿ ಇರುತ್ತದೆ ಎಂಬುದನ್ನು ನಮ್ಮ ಶಾಲೆಗಳ ಪೋಷಕರೆಲ್ಲರೂ ಬಲ್ಲರು. ಪಠ್ಯಪುಸ್ತಕ ಬದಲಾದಾಗ, ಬೋಧನೆಯ ಕ್ರಮ ಬದಲಾದಾಗ ಅಧ್ಯಾಪಕರೂ ಮತ್ತೆ ವಿದ್ಯಾರ್ಥಿಗಳಾಗಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಮಗುವಿಗೆ ಜ್ವರ ಬಂದಾಗ ನಾವು ಮೊತ್ತಮೊದಲು ಕಾಣುವ ಕುಟುಂಬ ವೈದ್ಯರಿಗೂ ಇಂಥದೇ ಕಲಿಕೆಯುಂಟು ಎಂಬ ವಿಷಯ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ದವಾಖಾನೆಯ ಬಾಗಿಲಲ್ಲಿ ‘ವೈದ್ಯರು ಸಮ್ಮೇಳನಕ್ಕೆ ಹೋಗಿದ್ದಾರೆ’ ಎಂಬ ಫಲಕ ಕಂಡಾಗ ಬೇಸರದಿಂದ ಹಿಂದಿರುಗುವ ನಾವು, ಆ ಸಮ್ಮೇಳನದಲ್ಲಿ ಏನು ನಡೆಯುತ್ತದೆ, ಅದರಿಂದ ನಮಗೇನು ಪ್ರಯೋಜನ, ಗಡಿನಾಡಿನ ಕನ್ನಡಿಗರ ಮಟ್ಟಿಗೆ ಅದರಲ್ಲಿರುವ ಕೊರತೆಯೇನು ಎಂಬುದನ್ನು ವಿಚಾರಿಸುವುದು ಉಚಿತ.

ಕುಟುಂಬ ವೈದ್ಯರೆಂದರೆ ಯಾರು?

ಹೃದಯ, ಕಣ್ಣು, ಮೂಳೆ ಎಂದು ಒಂದು ಅಂಗವನ್ನು ಆಯ್ದುಕೊಂಡವರು ತಜ್ಞವೈದ್ಯರು. ಮನೆಯ ಹಸುಗೂಸಿನಿಂದ ಮೊದಲ್ಗೊಂಡು ವೃದ್ಧರವರೆಗೆ ಎಲ್ಲರನ್ನೂ ಎಲ್ಲ ಬಗೆಯ ತೊಂದರೆಗಳಿಗೂ ಮೊದಲು ನೋಡುವವರು ಕುಟುಂಬ ವೈದ್ಯರು. ತಾವೇ ವಾಸಿಮಾಡಬಹುದಾದುದನ್ನು ವಾಸಿಮಾಡಿ, ಉಳಿದುದನ್ನು ತಕ್ಕ ಸಮಯಕ್ಕೆ ತಕ್ಕ ಸ್ಥಳಕ್ಕೆ ಕಳುಹಿಸುವುದು ಅವರ ಕೆಲಸ. ನಮ್ಮ ದೇಶದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಎಂ.ಬಿ.ಬಿ.ಎಸ್. ಪದವೀಧರರೇ ನಿರ್ವಹಿಸುತ್ತಿದ್ದಾರೆ. ಕುಟುಂಬ ವೈದ್ಯಶಾಸ್ತ್ರವು ಒಂದು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿಯೂ ಬೆಳೆದಿದೆ. ಎಂ.ಬಿ.ಬಿ.ಎಸ್. ನಂತರ ಮೂರು ವರ್ಷಗಳ ಡಿ.ಎನ್.ಬಿ. ವ್ಯಾಸಂಗಕ್ಕೆ ಇದರಲ್ಲಿ ಅವಕಾಶವಿದೆ.

ಕಲಿಕೆ ಏಕೆ ನಿಲ್ಲಬಾರದು?

ವಯಸ್ಸಾದ ವೈದ್ಯರಿಗೆ ಅನುಭವ ಹೆಚ್ಚು, ಆದುದರಿಂದ ಚಿಕಿತ್ಸೆಯೂ ಮೇಲು ಎಂಬುದು ಸಾಮಾನ್ಯ ನಂಬಿಕೆ. 2005ರಲ್ಲಿ ಅಮೆರಿಕದ ವಿದ್ವಾಂಸರು ಈ ಕುರಿತ 62 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಅವುಗಳಲ್ಲಿ 32, ಅಂದರೆ ಅರ್ಧಕ್ಕಿಂತ ಹೆಚ್ಚು, ವೃತ್ತಿಯ ವರ್ಷಗಳು ಏರಿದಂತೆ ವೈದ್ಯರ ಜ್ಞಾನವೋ ಚಿಕಿತ್ಸೆಯ ಗುಣಮಟ್ಟವೋ ಇಳಿದುದನ್ನು ತೋರಿಸಿದ್ದವು. ಅನುಭವ ವ್ಯರ್ಥವೆಂದು ಇದರ ಅರ್ಥವಲ್ಲ. ಹೊಸತನ್ನು ಕಲಿಯದ ಅನುಭವ ಹಳತಾಗುತ್ತದೆ ಎಂಬುದಷ್ಟೇ ಇದರ ಸಾರ.

ಹಾವು ಕಡಿದಾಗ ಬಿಗಿಯಾಗಿ ಕಟ್ಟಬೇಕು, ಕೊಯ್ದು ರಕ್ತ ಹರಿಸಬೇಕು ಎಂದು ನಮ್ಮ ಹಿರಿಯರ ಕಾಲದಲ್ಲಿ ಹೇಳುತ್ತಿದ್ದರು. ಈಗ ಇವೆರಡೂ ಹಾನಿಕರವೆಂದು ತಿಳಿದಿದೆ. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡದಂತೆ ಇರಿಸಿ ಬೇಗನೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ. ಒಣಗಿದ, ಶುಚಿಯಾದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆಯನ್ನು ಚಿಕ್ಕ ಆರೋಗ್ಯ ಕೇಂದ್ರದಲ್ಲಿಯೂ ಮಾಡಬಹುದು. ಹೆಪ್ಪುಗಟ್ಟದಿದ್ದರೆ ವಿಷವು ರಕ್ತವನ್ನು ಸೇರಿದೆ ಎಂದು ತಿಳಿಯಬೇಕು. ಕ್ಷಯರೋಗದ ಔಷಧಿಯನ್ನು ವಾರಕ್ಕೆ ಮೂರು ದಿನ ಕೊಡುವ ಸರ್ಕಾರಿ ಕ್ರಮವೂ 2017ರಲ್ಲಿ ದೇಶದಾದ್ಯಂತ ಪ್ರತಿದಿನ ಕೊಡುವ ಕ್ರಮವಾಗಿ ಬದಲಾಯಿತು. ಇಂಥ ಬದಲಾವಣೆಗಳು ಊರಿನ ದವಾಖಾನೆಯನ್ನು ತಲುಪಲು ಯಾವುದಾದರೊಂದು ದಾರಿ ಬೇಕು. ನಿರಂತರ ಕಲಿಕೆಯ ಸಭೆಗಳೇ ಆ ದಾರಿ.

ರೋಗಗಳಿಗೆ ರಾಜ್ಯದ ಗಡಿಯಿಲ್ಲ ಎಂಬುದಕ್ಕೆ ಮಂಗನ ಕಾಯಿಲೆಯೇ ಸಾಕ್ಷಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು ದಶಕಗಳ ಕಾಲ ಮಲೆನಾಡಿಗೆ ಸೀಮಿತವೆಂದೇ ಭಾವಿಸಲಾಗಿತ್ತು. 2012ರ ಕೊನೆಯಲ್ಲಿ ಅದು ಬಂಡೀಪುರದ ಸುತ್ತ ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ನೀಲಗಿರಿ, ವಯನಾಡು, ಗೋವ ಮತ್ತು ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಅದರ ಸುಳಿವು ದೊರೆಯಿತು. ಇವುಗಳಲ್ಲಿ ಬಹುಪಾಲು ನಮ್ಮವರು ನೆಲೆಸಿರುವ ಪ್ರದೇಶಗಳೇ. ಕಾಡಿನಂಚಿನ ಕೂಲಿಕಾರನೊಬ್ಬ ತೀವ್ರ ಜ್ವರ, ಮೈಕೈ ನೋವುಗಳಿಂದ ಬಂದಾಗ ‘ಉಣ್ಣೆ ಕಚ್ಚಿತ್ತೇ? ಹತ್ತಿರದಲ್ಲಿ ಮಂಗ ಸತ್ತಿತ್ತೇ?’ ಎಂದು ಕೇಳಬೇಕೆಂಬ ಅರಿವು ವೈದ್ಯರಿಗೆ ಇರಬೇಕಾದರೆ, ಗಡಿಯಾಚೆಯ ವೈದ್ಯರ ಅನುಭವ ಅವರನ್ನು ತಲುಪಿರಬೇಕು.

2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಪ್ರದೇಶದಲ್ಲಿ ನಿಪಾ ಕಾಣಿಸಿಕೊಂಡಾಗ, ಒಂದೇ ಮನೆಯಲ್ಲಿ ಎರಡನೆಯವರಿಗೂ ಅಂಥದೇ ಲಕ್ಷಣಗಳಿರುವುದನ್ನು ಕಂಡು ವೈದ್ಯರು ಅನುಮಾನಗೊಂಡರು. ಮಾದರಿಗಳನ್ನು ಕರ್ನಾಟಕದ ಮಣಿಪಾಲದಲ್ಲಿದ್ದ ವೈರಾಣು ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ರೋಗ ಬೇಗನೆ ಪತ್ತೆಯಾಯಿತು. ತಾವೆಂದೂ ಕಣ್ಣಾರೆ ಕಾಣದ ರೋಗವೊಂದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದುದೂ ಗಡಿಯಾಚೆಗಿನ ಪರಿಚಯವೂ ಆಗ ಕೂಡಿ ಫಲಕೊಟ್ಟವು.

ಸಂಘಟನೆಗಳ ಚರಿತ್ರೆ

ಅಮೆರಿಕದ ಸಾಮಾನ್ಯ ವೈದ್ಯರು 1947ರಲ್ಲಿ ತಮ್ಮದೇ ಅಕಾಡೆಮಿಯನ್ನು ಕಟ್ಟಿಕೊಂಡು, ಸದಸ್ಯತ್ವ ಉಳಿಸಿಕೊಳ್ಳಲು ಮೂರು ವರ್ಷಗಳಿಗೆ 150 ಗಂಟೆಗಳ ಕಲಿಕೆಯನ್ನು ಕಡ್ಡಾಯಗೊಳಿಸಿದರು. ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ಕಾಲೇಜು 1952ರಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಘವು 1963ರಲ್ಲಿ ಸಾಮಾನ್ಯ ವೈದ್ಯರ ಕಾಲೇಜೊಂದನ್ನು ಸ್ಥಾಪಿಸಿತು. ಜಗತ್ತಿನ ಕುಟುಂಬ ವೈದ್ಯರ ಒಕ್ಕೂಟವಾದ ‘ವೊಂಕಾ’ 1972ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂಪುಗೊಂಡಿತು. ಅದರ ಕರೆಯಂತೆ 2010ರಿಂದ ಮೇ 19ನ್ನು ವಿಶ್ವ ಕುಟುಂಬ ವೈದ್ಯರ ದಿನವಾಗಿ ಆಚರಿಸಲಾಗುತ್ತಿದೆ. ಭಾರತದ ಕುಟುಂಬ ವೈದ್ಯರ ಅಕಾಡೆಮಿಯೂ ಅದೇ 2010ರಲ್ಲಿ ಆರಂಭವಾಯಿತು. ಕುಟುಂಬ ವೈದ್ಯಶಾಸ್ತ್ರಕ್ಕೆಂದೇ ಮೀಸಲಾದ ಅದರ ನಿಯತಕಾಲಿಕೆ 2012ರಿಂದ ಪ್ರಕಟವಾಗುತ್ತಿದೆ.

ನಿಯಮವೇನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಾವಳಿಯ ಪ್ರಕಾರ, ವೈದ್ಯರು ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ನಿರಂತರ ಶಿಕ್ಷಣದಲ್ಲಿ ಭಾಗವಹಿಸತಕ್ಕದ್ದು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯ ನಿಯಮಾವಳಿಯನ್ನೇ ಮುಂದುವರಿಸಿತು. ಇದನ್ನು ಜಾರಿಗೊಳಿಸುವ ಹೊಣೆ ಆಯಾ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳದು. ಮಹಾರಾಷ್ಟ್ರ, ಕರ್ನಾಟಕ ಮುಂತಾದ ರಾಜ್ಯಗಳಲ್ಲಿ ನೋಂದಣಿಯ ನವೀಕರಣಕ್ಕೆ ಕಲಿಕೆಯ ಅಂಕಗಳನ್ನು ತೋರಿಸಬೇಕಾಗುತ್ತದೆ. ಯಾವ ಸಭೆಗೆ ಎಷ್ಟು ಅಂಕ ಎಂಬುದನ್ನು ಪರಿಷತ್ತು ನಿರ್ಧರಿಸುತ್ತದೆ.

ಐದು ವರ್ಷಗಳಿಗೆ 30 ಗಂಟೆಗಳೆಂದರೆ ವರ್ಷಕ್ಕೆ ಆರು ಗಂಟೆ, ಅಂದರೆ ಶಾಲೆಯ ಒಂದು ದಿನದಷ್ಟು. ಇದು ಕನಿಷ್ಠ ಮಿತಿಯೇ ಹೊರತು ಸಾಕೆಂಬ ಅಳತೆಯಲ್ಲ.

ಸಭೆಗಳ ಬಗೆಗಳು

ಮೊದಲನೆಯದು, ಊರಿನ ವೈದ್ಯರ ಸಂಘದ ಶಾಖೆ ನಡೆಸುವ ಸಂಜೆಯ ಉಪನ್ಯಾಸ. ನಗರದ ತಜ್ಞರೊಬ್ಬರು ಬಂದು ಒಂದು ವಿಷಯದ ಬಗ್ಗೆ ಮಾತನಾಡುತ್ತಾರೆ. ಎರಡನೆಯದು, ಎರಡು ಮೂರು ದಿನಗಳ ವಾರ್ಷಿಕ ಸಮ್ಮೇಳನ. ಮೂರನೆಯದು, ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರ. ನಿಂತುಹೋದ ಹೃದಯವನ್ನು ಮತ್ತೆ ಚಾಲನೆಗೊಳಿಸುವ ಕ್ರಮವನ್ನು ಬೊಂಬೆಯ ಮೇಲೆ ಅಭ್ಯಾಸಮಾಡುವುದು ಇದಕ್ಕೆ ಉದಾಹರಣೆ. ಬರಿಯ ಉಪನ್ಯಾಸಕ್ಕಿಂತ ಸಂವಾದ ಮತ್ತು ಅಭ್ಯಾಸಗಳು ಸೇರಿದ ಕಲಿಕೆ ಹೆಚ್ಚು ಫಲಕಾರಿ ಎಂಬುದನ್ನು ಶಿಕ್ಷಕರಾದ ನಾವು ತರಗತಿಯಲ್ಲೇ ಕಂಡಿದ್ದೇವೆ. ವೈದ್ಯರ ವಿಷಯದಲ್ಲೂ ಅದು ನಿಜ.

ನಾಲ್ಕನೆಯದು, ಸಣ್ಣ ಗುಂಪಿನ ಚರ್ಚೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವೈದ್ಯರು ಸಾಮಾನ್ಯ ವೈದ್ಯರ ಗುಂಪನ್ನು ನಿಯತವಾಗಿ ಕೂಡಿಸಿ, ಪ್ರತಿಯೊಬ್ಬರೂ ತಮ್ಮನ್ನು ಕಾಡಿದ ಒಬ್ಬ ರೋಗಿಯ ಕಥೆಯನ್ನು ಹೇಳುವಂತೆ ಮಾಡಿದರು. ರೋಗವನ್ನಷ್ಟೇ ಅಲ್ಲದೆ, ರೋಗಿಗೂ ವೈದ್ಯರಿಗೂ ನಡುವಿನ ಸಂಬಂಧವನ್ನು ಅಲ್ಲಿ ಚರ್ಚಿಸುತ್ತಿದ್ದರು. ಇಂಥ ಗುಂಪುಗಳು ಇಂದಿಗೂ ಹಲವು ದೇಶಗಳಲ್ಲಿ ಬಾಲಿಂಟರ ಹೆಸರಿನಲ್ಲಿಯೇ ನಡೆಯುತ್ತಿವೆ.

ಐದನೆಯದು, ದೂರಸಂಪರ್ಕದ ಮೂಲಕ ನಡೆಯುವ ಕಲಿಕೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ವೈದ್ಯ ಸಂಜೀವ್ ಅರೋರಾ ಅವರು ‘ಎಕೋ’ ಎಂಬ ಯೋಜನೆಯನ್ನು ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳು ದೂರದ ನಗರಕ್ಕೆ ಬರುವ ಬದಲು, ಹಳ್ಳಿಗಳ ವೈದ್ಯರೇ ವೀಡಿಯೊ ಮೂಲಕ ತಜ್ಞರೊಂದಿಗೆ ನಿಯತವಾಗಿ ಚರ್ಚಿಸಿ ಚಿಕಿತ್ಸೆ ನೀಡುವುದು ಅದರ ಕ್ರಮ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣಮುಖರಾದವರು ಶೇಕಡ 57.5, ಹಳ್ಳಿಯ ವೈದ್ಯರಲ್ಲಿ ಗುಣಮುಖರಾದವರು ಶೇಕಡ 58.2. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಮಾದರಿಯನ್ನು ಅನುಸರಿಸಿ, ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿಯ ವಿಷಯದಲ್ಲಿ ವೈದ್ಯರಿಗೆ ತರಬೇತಿ ನೀಡುತ್ತ ಬಂದಿದೆ.

ಔಷಧ ಕಂಪನಿಗಳ ನೆರಳು

ಸಮ್ಮೇಳನಕ್ಕೆ ಸಭಾಂಗಣ, ಊಟ, ಪ್ರಯಾಣಗಳ ಖರ್ಚಿದೆ. ಅದನ್ನು ಔಷಧ ಕಂಪನಿ ಭರಿಸಿದರೆ, ಆ ಕಂಪನಿಯ ಮಾತ್ರೆ ನಮ್ಮ ಚೀಟಿಯಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ. ಈ ಕಾರಣದಿಂದಲೇ 2009ರ ಡಿಸೆಂಬರ್‌ನಲ್ಲಿ ವೃತ್ತಿನಡತೆಯ ನಿಯಮಾವಳಿಗೆ ತಿದ್ದುಪಡಿ ತಂದು, ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ ಸೌಕರ್ಯ, ಆತಿಥ್ಯಗಳನ್ನು ಪಡೆಯುವುದನ್ನು ನಿಷೇಧಿಸಲಾಯಿತು. ಕೇಂದ್ರ ಸರ್ಕಾರವು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಔಷಧ ಮಾರಾಟ ಸಂಹಿತೆಯು, ಕಂಪನಿಗಳು ಇಂಥ ಶಿಕ್ಷಣ ಸಭೆಗಳನ್ನು ವಿದೇಶಗಳಲ್ಲಿ ನಡೆಸುವುದನ್ನು ತಡೆಯುತ್ತದೆ. ಕಲಿಕೆ ಯಾರ ಹಣದಲ್ಲಿ ನಡೆಯುತ್ತದೆ ಎಂಬುದು ರೋಗಿಗಳಿಗೂ ಸಂಬಂಧಿಸಿದ ಪ್ರಶ್ನೆಯೇ ಸರಿ.

ಗಡಿನಾಡಿನಲ್ಲಿ ಕಾಣುವ ಕೊರತೆ

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಗಡಿಯ ಕನ್ನಡ ಕುಟುಂಬದ ದೃಷ್ಟಿಯಿಂದ ಎರಡು ಕೊರತೆಗಳು ಉಳಿದಿವೆ.

ಮೊದಲನೆಯದು ಭಾಷೆ. ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಎರಡು ದಿನ ಗೈರುಹಾಜರಾಗಿದ್ದಳು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಅಜ್ಜಿಯ ಕನ್ನಡವನ್ನು ವೈದ್ಯರ ಭಾಷೆಗೆ ತಿರುಗಿಸುವ ಕೆಲಸ ಅವಳದಾಗಿತ್ತು. ‘ಅಜ್ಜಿ ಮೂರು ಮಾತು ಹೇಳಿದರು, ನಾನು ಎರಡನ್ನೇ ಹೇಳಿದೆ ಸರ್, ಮೂರನೆಯದು ಹೇಳಲು ನಾಚಿಕೆಯಾಯಿತು’ ಎಂದಳು. ಆ ಮೂರನೆಯ ಮಾತು ಮೂತ್ರಕ್ಕೆ ಸಂಬಂಧಿಸಿದುದಾಗಿತ್ತು. ಅಜ್ಜಿ ಆಸ್ಪತ್ರೆಗೆ ಹೊರಟಿದ್ದೇ ಅದಕ್ಕಾಗಿ. ಇಲ್ಲಿ ವೈದ್ಯರ ತಪ್ಪಾಗಲಿ ಮಗುವಿನ ತಪ್ಪಾಗಲಿ ಇಲ್ಲ. ಆದರೆ ಹನ್ನೆರಡು ವರ್ಷದ ಮಗುವಿನ ನಾಚಿಕೆಯ ಮೇಲೆ ವೃದ್ಧೆಯೊಬ್ಬರ ಚಿಕಿತ್ಸೆ ನಿಲ್ಲುವಂತಾಗಬಾರದು.

ಕನ್ನಡದೊಳಗೇ ರೋಗದ ಮಾತು ಊರಿಂದೂರಿಗೆ ಬೇರೆಯಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ‘ಜಡ್ಡಾಗಿದೆ’ ಎಂದರೆ ಕಾಯಿಲೆ ಬಿದ್ದಿದ್ದಾರೆ ಎಂದರ್ಥ. ದಕ್ಷಿಣದವರಿಗೆ ‘ಜಡ್ಡುಗಟ್ಟುವುದು’ ಎಂದರೆ ಚರ್ಮ ದಪ್ಪವಾಗುವುದು. ಪುಸ್ತಕದ ಕನ್ನಡ ಬಲ್ಲ ವೈದ್ಯರೂ ಇಲ್ಲಿ ತಡವರಿಸಬಹುದು. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭದ ಅಡಿಪಾಯ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಸ್ಥಾನವಿದೆ. ಆದರೆ ಸ್ಥಳೀಯ ಭಾಷೆಯೆಂದರೆ ಸಾಮಾನ್ಯವಾಗಿ ರಾಜ್ಯದ ಭಾಷೆಯೇ. ಗಡಿ ತಾಲ್ಲೂಕಿನ ಭಾಷೆ ಅಲ್ಲಿ ಬಿಟ್ಟುಹೋಗುತ್ತದೆ. ಕಾಲೇಜಿನಲ್ಲಿ ಬಿಟ್ಟುಹೋದುದನ್ನು ತುಂಬಿಕೊಡಬಲ್ಲ ಸ್ಥಳವೆಂದರೆ ಸೇವೆಯ ನಡುವಿನ ಈ ಕಲಿಕೆಯೇ.

ಎರಡನೆಯ ಕೊರತೆ ಪರಿಚಯದ್ದು. ವೈದ್ಯರ ನೋಂದಣಿ, ಅಂಕ, ಸಂಘದ ಶಾಖೆ ಎಲ್ಲವೂ ರಾಜ್ಯವನ್ನು ಅನುಸರಿಸುತ್ತವೆ. ರೋಗಿಗಳಾದರೋ ಹತ್ತಿರದ ನಗರವನ್ನು ಅನುಸರಿಸುತ್ತಾರೆ. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ನಿಮಿತ್ತ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿದ್ದ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ಆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಡಿಯ ಎರಡೂ ಬದಿಯ ವೈದ್ಯರು ವರ್ಷಕ್ಕೆ ಎರಡು ಬಾರಿಯಾದರೂ ಒಂದೇ ಸಭೆಯಲ್ಲಿ ಕುಳಿತರೆ, ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನಂಬುವಂತಾಗುತ್ತದೆ. ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಖರ್ಚೂ ಉಳಿಯಬಹುದು.

ಪೋಷಕರು ಮಾಡಬಹುದಾದುದು

ಮೊದಲನೆಯದಾಗಿ, ವೈದ್ಯರು ಸಭೆಗೆ ಹೋದರೆಂದು ಬೇಸರಿಸದಿರೋಣ. ಹಿಂದಿರುಗಿದ ಮೇಲೆ ‘ಈ ಬಾರಿ ಹೊಸತೇನು ತಿಳಿದಿರಿ?’ ಎಂದು ವಿನಯದಿಂದ ಕೇಳೋಣ.

ಎರಡನೆಯದಾಗಿ, ಶಾಲಾ ಪೋಷಕರ ಸಂಘಗಳು ಊರಿನಲ್ಲಿ ಬಳಕೆಯಲ್ಲಿರುವ ರೋಗಲಕ್ಷಣದ ಮಾತುಗಳನ್ನು ಹಿರಿಯರಿಂದ ಕೇಳಿ, ಮಕ್ಕಳಿಂದ ಬರೆಯಿಸಿ, ರಾಜ್ಯಭಾಷೆಯ ಅರ್ಥದೊಂದಿಗೆ ಪಟ್ಟಿ ಮಾಡಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕೊಡಬಹುದು. ಉಬ್ಬಸ, ಎದೆಯುರಿ, ಹೊಟ್ಟೆ ತೊಳಸು, ಕಣ್ಣು ಕತ್ತಲೆ, ತಲೆಸುತ್ತು ಮುಂತಾದ ನೂರು ಪದಗಳಾದರೆ ಸಾಕು. ಮಕ್ಕಳಿಗೆ ಅದು ಭಾಷೆಯ ಪಾಠವೂ ಆಗುತ್ತದೆ.

ಮೂರನೆಯದಾಗಿ, ಗಡಿ ತಾಲ್ಲೂಕುಗಳಲ್ಲಿ ನಡೆಯುವ ವೈದ್ಯರ ತರಬೇತಿಯಲ್ಲಿ ರೋಗಿಯ ಭಾಷೆಗಾಗಿ ಒಂದು ಗಂಟೆ ಮೀಸಲಿಡಬೇಕೆಂದು ಜಿಲ್ಲಾ ವೈದ್ಯಾಧಿಕಾರಿಗಳಿಗೂ ವೈದ್ಯರ ಸಂಘದ ಶಾಖೆಗೂ ಮನವಿ ಸಲ್ಲಿಸಬಹುದು. ಸಂವಿಧಾನದ 350ನೆಯ ವಿಧಿಯು, ಕುಂದುಕೊರತೆಗಳ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಲು ಅವಕಾಶ ನೀಡಿದೆ. ಆದುದರಿಂದ ಈ ಮನವಿಯನ್ನು ಕನ್ನಡದಲ್ಲಿಯೇ ಬರೆಯೋಣ.

ಐದು ವರ್ಷಗಳಿಗೆ 30 ಗಂಟೆಗಳು. ಅವುಗಳಲ್ಲಿ ಒಂದು ಗಂಟೆ ನಮ್ಮ ಭಾಷೆಗೆ ದೊರೆತರೂ, ಅಜ್ಜಿಯ ಮೂರನೆಯ ಮಾತು ವೈದ್ಯರ ಕಿವಿಯನ್ನು ತಲುಪುತ್ತದೆ. ಮೊಮ್ಮಗಳು ಆ ದಿನ ಶಾಲೆಯಲ್ಲಿ ಇರುತ್ತಾಳೆ.